ಕಲ್ಲು ನೆಲದಲ್ಲಿ ಹೆಸರು ಬೆಳೆದವರು: ಇಟಲಿಯ ಸಸ್ಸಿಕಾಯ ದ್ರಾಕ್ಷಿ ತೋಟ

ಹೊಲದಲ್ಲಿ ಕಲ್ಲು ಹೆಚ್ಚಿದ್ದರೆ ರೈತನಿಗೆ ಬೇಸರವೇ ಹೆಚ್ಚು. ನೇಗಿಲು ನಡೆಯುವುದಿಲ್ಲ, ನೀರು ನಿಲ್ಲುವುದಿಲ್ಲ, ಹಾಕಿದ ಗೊಬ್ಬರ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಇಂತಹ ಭೂಮಿ ಪಾಲಿಗೆ ಬಂದರೆ ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬರುವುದೂ ಉಂಟು. ಆದರೆ ಇಂತಹದೇ ಒಂದು ಕಲ್ಲು ನೆಲದಲ್ಲಿ ಬೆಳೆದ ದ್ರಾಕ್ಷಿಯಿಂದ ತಯಾರಾದ ಕೆಂಪು ವೈನು ಇಂದು ಜಗತ್ತಿನ ಅತ್ಯುತ್ತಮ ವೈನುಗಳ ಸಾಲಿನಲ್ಲಿ ನಿಂತಿದೆ. ಮುಕ್ಕಾಲು ಲೀಟರಿನ ಒಂದು ಬಾಟಲಿಗೆ ನೂರಾರು ಯೂರೊ ಬೆಲೆ ಇದೆ. ಅದರ ಹೆಸರು ಸಸ್ಸಿಕಾಯ. ಇಟಲಿಯ ಭಾಷೆಯಲ್ಲಿ 'ಸಾಸ್ಸೊ' ಎಂದರೆ ಕಲ್ಲು. ಸಸ್ಸಿಕಾಯ ಎಂದರೆ ಕಲ್ಲುಗಳಿರುವ ಜಾಗ. ಹೊಲಕ್ಕೆ ಜನ ಇಟ್ಟ ಹೆಸರೇ ಬಾಟಲಿಯ ಮೇಲೂ ಉಳಿಯಿತು.

ಮದ್ಯಪಾನದ ಒಳಿತು ಕೆಡುಕು ಈ ಲೇಖನದ ವಿಷಯವಲ್ಲ. ವೈನಿನಲ್ಲಿ ಮದ್ಯಸಾರವಿದೆ, ಅದು ಶರೀರಕ್ಕೆ ಹಾನಿಕರ ಎಂಬುದರಲ್ಲಿ ಎರಡು ಮಾತಿಲ್ಲ. ಒಬ್ಬ ಬೇಸಾಯಗಾರ ತನ್ನ ಭೂಮಿಯನ್ನು ಹೇಗೆ ಓದಿದ, ತಳಿಯನ್ನು ಹೇಗೆ ಆರಿಸಿದ, ಇಳುವರಿಗಿಂತ ಗುಣಕ್ಕೆ ಏಕೆ ಬೆಲೆ ಕೊಟ್ಟ, ಬೆಳೆದ ಹೆಸರನ್ನು ಕಾನೂನಿನಿಂದ ಹೇಗೆ ಕಾಪಾಡಿಕೊಂಡ ಎಂಬುದಷ್ಟೇ ಇಲ್ಲಿಯ ವಿಚಾರ. ದ್ರಾಕ್ಷಿ ಬೆಳೆಯದ ರೈತರೂ ಇದನ್ನು ಓದಿ ತಮ್ಮ ಬೆಳೆಗೆ ಹೋಲಿಸಿ ನೋಡಬಹುದು.

ಊರು ಮತ್ತು ಹವೆ

ಇಟಲಿಯ ಪಶ್ಚಿಮ ಕರಾವಳಿಯಲ್ಲಿ ಟಸ್ಕನಿ ಎಂಬ ಪ್ರಾಂತವಿದೆ. ಅದರ ಲಿವೊರ್ನೊ ಜಿಲ್ಲೆಯಲ್ಲಿ ಬೋಲ್ಗೆರಿ ಎಂಬ ಸಣ್ಣ ಊರು. ಹೆದ್ದಾರಿಯ ಬದಿಯ ಸಾನ್ ಗ್ವೀದೊ ಎಂಬಲ್ಲಿಂದ ಊರಿನವರೆಗೆ ಸುಮಾರು ಐದು ಕಿಲೊಮೀಟರ್ ಉದ್ದಕ್ಕೂ ರಸ್ತೆಯ ಎರಡೂ ಕಡೆ ಸೈಪ್ರೆಸ್ ಮರಗಳು ಸೈನಿಕರಂತೆ ಸಾಲಾಗಿ ನಿಂತಿವೆ. 1906ರಲ್ಲಿ ನೊಬೆಲ್ ಬಹುಮಾನ ಪಡೆದ ಕವಿ ಕಾರ್ದುಚ್ಚಿ ಬಾಲ್ಯದಲ್ಲಿ ಬೆಳೆದ ಸೀಮೆ ಇದು. ಸಸ್ಸಿಕಾಯ ಬೆಳೆಯುವ ಎಸ್ಟೇಟಿಗೆ ತೆನೂತ ಸಾನ್ ಗ್ವೀದೊ ಎಂದು ಹೆಸರು. ಸಮುದ್ರದಂಡೆಯಿಂದ ಒಳಗಿನ ಗುಡ್ಡಗಳವರೆಗೆ ಸುಮಾರು 13 ಕಿಲೊಮೀಟರ್ ಹರಡಿರುವ ಈ ಎಸ್ಟೇಟಿನ ವಿಸ್ತೀರ್ಣ ಸುಮಾರು 2,500 ಹೆಕ್ಟೇರು. ಇದರಲ್ಲಿ ದ್ರಾಕ್ಷಿಗೆ ಮೀಸಲಾದದ್ದು ಒಂದು ಚಿಕ್ಕ ಭಾಗ ಮಾತ್ರ. ಉಳಿದದ್ದು ಕಾಡು, ಧಾನ್ಯದ ಹೊಲ, ಹುಲ್ಲುಗಾವಲು, ಜೌಗು.

ಈ ಕರಾವಳಿ ಸೀಮೆಗೆ ಮರೆಮ್ಮ ಎನ್ನುತ್ತಾರೆ. ಶತಮಾನಗಳ ಕಾಲ ಇದು ನೀರು ನಿಂತ ಜೌಗು ಭೂಮಿ, ಮಲೇರಿಯಾದ ತವರು. ಬೇಸಿಗೆ ಬಂತೆಂದರೆ ಜನ ಗುಡ್ಡ ಹತ್ತುತ್ತಿದ್ದರು. 1828ರಿಂದ ಟಸ್ಕನಿಯ ದೊರೆ ಎರಡನೆಯ ಲಿಯೊಪೊಲ್ಡನ ಕಾಲದಲ್ಲಿ ನೀರು ಬಸಿಯುವ ದೊಡ್ಡ ಕೆಲಸ ಆರಂಭವಾಯಿತು. ಅದು ಮುಗಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಎರಡನೆಯ ಮಹಾಯುದ್ಧದ ನಂತರವೇ ಮಲೇರಿಯಾ ಪೂರ್ಣ ಹತೋಟಿಗೆ ಬಂದದ್ದು. 1970ರಲ್ಲಿ ಇಟಲಿ ಮಲೇರಿಯಾಮುಕ್ತ ದೇಶವೆಂದು ಘೋಷಿಸಲ್ಪಟ್ಟಿತು.

ಇಂತಹ ಸೀಮೆಯಲ್ಲಿ ಒಳ್ಳೆಯ ವೈನು ಬೆಳೆಯಬಹುದೆಂದು ಯಾರೂ ನಂಬಿರಲಿಲ್ಲ. ಟಸ್ಕನಿಯ ಹೆಸರಾಂತ ವೈನುಗಳೆಲ್ಲ ಒಳನಾಡಿನ ಗುಡ್ಡಗಳಲ್ಲಿ, ಸಾಂಜೊವೇಸೆ ಎಂಬ ಸ್ಥಳೀಯ ತಳಿಯಿಂದ ತಯಾರಾಗುತ್ತಿದ್ದವು. ಸಮುದ್ರದ ಉಪ್ಪುಗಾಳಿ ಬಡಿಯುವ ಕಡೆ ಬೆಳೆದ ದ್ರಾಕ್ಷಿಯ ರಸ ಒರಟು, ಅದಕ್ಕೆ ಬಾಳಿಕೆ ಇಲ್ಲ ಎಂಬುದು ಅಲ್ಲಿಯ ವಾಡಿಕೆಯ ಮಾತು.

ಮಾರಿಯೊ ಇಂಚೀಸ

ಈ ವಾಡಿಕೆಯ ಮಾತನ್ನು ಪ್ರಶ್ನಿಸಿದವರು ಮಾರಿಯೊ ಇಂಚೀಸ ದೆಲ್ಲ ರೊಕ್ಕೆತ್ತ. ಹುಟ್ಟಿದ್ದು 1899ರಲ್ಲಿ, ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತದ ಜಹಗೀರುದಾರ ಮನೆತನ. 1920ರ ದಶಕದಲ್ಲಿ ಪೀಸಾ ನಗರದಲ್ಲಿ ಕೃಷಿ ವಿದ್ಯಾರ್ಥಿಯಾಗಿದ್ದರು. ಫ್ರಾನ್ಸಿನ ಬೋರ್ದೊ ಸೀಮೆಯ ವೈನುಗಳಂತಹ ವೈನನ್ನು ಇಟಲಿಯ ನೆಲದಲ್ಲಿ ತೆಗೆಯಬೇಕೆಂಬ ಆಸೆ ಮೊಳೆತದ್ದು ಆಗ. 1930ರಲ್ಲಿ ಕ್ಲಾರಿಚೆ ದೆಲ್ಲ ಗೆರಾರ್ದೆಸ್ಕ ಎಂಬಾಕೆಯನ್ನು ಮದುವೆಯಾದರು. ಬೋಲ್ಗೆರಿಯ ಭೂಮಿ ಬಂದದ್ದು ಆಕೆಯ ತವರಿನ ಕಡೆಯಿಂದ.

ಮಾರಿಯೊ ಕುದುರೆ ಸಾಕಣೆಯಲ್ಲಿ ಪಳಗಿದವರು. ಹೆಸರಾಂತ ಕುದುರೆ ತಳಿಗಾರ ಫೆದೆರಿಕೊ ತೆಸಿಯೊ ಜೊತೆಗೆ ಪಾಲುದಾರರಾಗಿದ್ದರು. 1952ರಲ್ಲಿ ಹುಟ್ಟಿದ, ಇವರ ಲಾಯದ ರಿಬೊ ಎಂಬ ಕುದುರೆ ಓಡಿದ 16 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 1955 ಮತ್ತು 1956ರಲ್ಲಿ ಪ್ಯಾರಿಸಿನ ಅತಿ ದೊಡ್ಡ ಪಂದ್ಯವನ್ನು ಎರಡು ಬಾರಿ ಗೆದ್ದಿತು. ಕುದುರೆಯ ತಳಿ ಕಟ್ಟುವವನಿಗೆ ಒಂದು ಪಾಠ ಬೇಗ ತಿಳಿಯುತ್ತದೆ. ವಂಶ ಚೆನ್ನಾಗಿರಬೇಕು, ಮೇವು ನೆಲ ಒಗ್ಗಬೇಕು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಈ ಮೂರನ್ನೂ ಅವರು ದ್ರಾಕ್ಷಿಗೂ ಅನ್ವಯಿಸಿದರು.

ನೆಲದ ಆಯ್ಕೆ

1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಮಾರಿಯೊ ಮೊದಲ ತೋಟವನ್ನು ಹಾಕಿದರು. ಅದು ಕಾಸ್ತಿಲ್ಯೊಂಚೆಲ್ಲೊ ಎಂಬ ಗುಡ್ಡದ ಮೇಲಿನ ಒಂದು ಸಣ್ಣ ತುಂಡು. ಸಮುದ್ರಮಟ್ಟದಿಂದ 300 ಮೀಟರಿಗೂ ಎತ್ತರ. ನೇರವಾದ ಕಡಲಗಾಳಿಗೆ ಮರೆ. ಬೋರ್ದೊದಲ್ಲಿ ಗ್ರಾವ್ ಎಂಬ ಭಾಗವಿದೆ. ಆ ಮಾತಿನ ಅರ್ಥವೂ ಗರಸು ಎಂದೇ. ಅಲ್ಲಿಯ ಗರಸಿಗೂ ತಮ್ಮ ಎಸ್ಟೇಟಿನ ಕೆಲವು ಹೊಲಗಳ ಗರಸಿಗೂ ಹೋಲಿಕೆ ಇದೆ ಎಂಬುದನ್ನು ಅವರು ಗಮನಿಸಿದ್ದರು. 1960ರ ದಶಕದಲ್ಲಿ ಗುಡ್ಡದ ಕೆಳಗಿನ, ಹೆಚ್ಚು ಕಲ್ಲಿರುವ ಹೊಲಗಳಿಗೆ ತೋಟ ವಿಸ್ತರಿಸಿದಾಗ ಸಸ್ಸಿಕಾಯ ಎಂಬ ಹೆಸರಿನ ಹೊಲವೂ ತೋಟವಾಯಿತು.

ಕಲ್ಲು ನೆಲ ದ್ರಾಕ್ಷಿಗೆ ಏಕೆ ಒಗ್ಗುತ್ತದೆ? ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದು, ನೀರು ಬಸಿಯುವಿಕೆ. ದ್ರಾಕ್ಷಿ ಬಳ್ಳಿ ಬಹಳ ನೀರಡಿಕೆ ತಡೆಯಬಲ್ಲದು, ಆದರೆ ಬೇರಿನ ಬುಡದಲ್ಲಿ ನೀರು ನಿಲ್ಲುವುದನ್ನು ತಡೆಯಲಾರದು. ಗರಸು ನೆಲದಲ್ಲಿ ಮಳೆಯ ನೀರು ಬೇಗ ಕೆಳಗಿಳಿಯುತ್ತದೆ; ಅದನ್ನು ಹುಡುಕಿಕೊಂಡು ಬೇರೂ ಆಳಕ್ಕೆ ಇಳಿಯುತ್ತದೆ. ಆಳಕ್ಕೆ ಬೇರು ಬಿಟ್ಟ ಬಳ್ಳಿ ಒಂದು ಮಳೆಗೆ ಉಬ್ಬುವುದೂ ಇಲ್ಲ, ಒಂದು ತಿಂಗಳ ಬಿಸಿಲಿಗೆ ಸೊರಗುವುದೂ ಇಲ್ಲ.

ಎರಡು, ಸತ್ವದ ಮಿತಿ. ಕೊಬ್ಬಿದ ಕಪ್ಪು ಮಣ್ಣಿನಲ್ಲಿ ಬಳ್ಳಿ ಎಲೆ ಕಡ್ಡಿ ಬೆಳೆಸುವುದರಲ್ಲೇ ಮೈಮರೆಯುತ್ತದೆ. ಮಿತಿಯಾದ ಸತ್ವದ ನೆಲದಲ್ಲಿ ಬಳ್ಳಿಯ ಬೆಳವಣಿಗೆ ಹದವಾಗಿ ನಿಂತು, ಆಹಾರ ಕಾಯಿಯ ಕಡೆಗೆ ಹರಿಯುತ್ತದೆ.

ಮೂರು, ಕಾಯಿಯ ಗಾತ್ರ. ಕಾಯಿ ಕಟ್ಟಿದ ಮೇಲೆ ನೀರು ಹದವಾಗಿ ಕಡಿಮೆಯಾದರೆ ಕಾಯಿ ಚಿಕ್ಕದಾಗುತ್ತದೆ. ತಿನ್ನುವ ದ್ರಾಕ್ಷಿಗೆ ಇದು ನಷ್ಟ, ಕೆಂಪು ವೈನಿಗೆ ಇದೇ ಲಾಭ. ಏಕೆಂದರೆ ಬಣ್ಣ, ಒಗರು, ಪರಿಮಳ ಬಹುಪಾಲು ಸಿಪ್ಪೆಯಲ್ಲಿವೆ. ಕಾಯಿಯ ಅಡ್ಡಳತೆ ಅರ್ಧವಾದರೆ ತಿರುಳಿಗೆ ಹೋಲಿಸಿದಂತೆ ಸಿಪ್ಪೆಯ ಪಾಲು ಎರಡರಷ್ಟಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬರಿಯ ಕಲ್ಲಿದ್ದರೆ ಸಾಲದು. ಬೋಲ್ಗೆರಿಯ ಈ ಹೊಲಗಳಲ್ಲಿ ಕಲ್ಲಿನ ಜೊತೆಗೆ ಸುಣ್ಣದ ಅಂಶವೂ, ಅಲ್ಲಲ್ಲಿ ಜೇಡಿಯೂ ಇವೆ. ಕಲ್ಲು ನೀರನ್ನು ಬಸಿಯುತ್ತದೆ, ಜೇಡಿ ಬೇಸಿಗೆಗೆ ಬೇಕಾದಷ್ಟನ್ನು ಹಿಡಿದಿಡುತ್ತದೆ. ಎರಡೂ ಕೂಡಿದರೇ ಹದ.

ತಳಿಯ ಆಯ್ಕೆ

ಮಾರಿಯೊ ಆರಿಸಿದ್ದು ಸ್ಥಳೀಯ ಸಾಂಜೊವೇಸೆಯನ್ನಲ್ಲ, ಬೋರ್ದೊದ ಕಾಬರ್ನೆ ಸೋವಿನ್ಯೊಂ ತಳಿಯನ್ನು. ಕಡ್ಡಿಗಳನ್ನು ಫ್ರಾನ್ಸಿನಿಂದ ತರಿಸಲಿಲ್ಲ. ಪೀಸಾದ ಹತ್ತಿರ ಮಿಲ್ಯಾರಿನೊ ಎಂಬಲ್ಲಿ ಸಾಲ್ವಿಯಾತಿ ಮನೆತನದವರ ಹಳೆಯ ತೋಟದಿಂದ ತಂದರು. ಟಸ್ಕನಿಯ ಹವೆಗೆ ಅದಾಗಲೇ ಒಗ್ಗಿದ ಬಳ್ಳಿಗಳು ಅವು. ಹೊರಗಿನ ತಳಿಯನ್ನು ತರುವವರು ಇದನ್ನು ನೆನಪಿಡಬೇಕು: ಹತ್ತಿರದಲ್ಲೇ ಆ ತಳಿ ಬೆಳೆದು ಬಾಳಿದ ಉದಾಹರಣೆ ಇದೆಯೇ ಎಂದು ಮೊದಲು ಹುಡುಕಬೇಕು.

ಕಾಬರ್ನೆ ಸೋವಿನ್ಯೊಂ ತಡವಾಗಿ ಚಿಗುರುವ, ತಡವಾಗಿ ಹಣ್ಣಾಗುವ ತಳಿ. ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ತಡವಾಗಿ ಚಿಗುರುವುದರಿಂದ ವಸಂತದ ಹಿಮದ ಹೊಡೆತ ತಪ್ಪುತ್ತದೆ. ದಪ್ಪ ಸಿಪ್ಪೆಯಿಂದಾಗಿ ಕೊಳೆ ರೋಗದ ಬಾಧೆ ಕಡಿಮೆ. ಪೂರ್ತಿ ಹಣ್ಣಾಗದಿದ್ದರೆ ಮಾತ್ರ ರಸಕ್ಕೆ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಬರುತ್ತದೆ. ಆದ್ದರಿಂದ ಇದಕ್ಕೆ ದೀರ್ಘವಾದ, ಬಿಸಿಲಿನ ಹಂಗಾಮು ಬೇಕು. ಬೋಲ್ಗೆರಿಯಲ್ಲಿ ಅದು ಇದೆ: ಬೇಸಿಗೆ ಒಣಹವೆ, ಸಮುದ್ರದಿಂದ ತಂಗಾಳಿ, ಪೂರ್ವದ ಗುಡ್ಡಗಳಿಂದ ಒಳನಾಡಿನ ಶೀತಗಾಳಿಗೆ ತಡೆ.

ಸಸ್ಸಿಕಾಯದಲ್ಲಿ ಸಾಮಾನ್ಯವಾಗಿ ನೂರಕ್ಕೆ 85 ಭಾಗ ಕಾಬರ್ನೆ ಸೋವಿನ್ಯೊಂ, 15 ಭಾಗ ಕಾಬರ್ನೆ ಫ್ರಾಂ ಎಂಬ ಇನ್ನೊಂದು ತಳಿ. ಇವೆರಡರ ಸಂಬಂಧ 1997ರಲ್ಲಿ ಬಯಲಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯಿಂದ, ಕಾಬರ್ನೆ ಸೋವಿನ್ಯೊಂ ಎಂಬುದು ಕಾಬರ್ನೆ ಫ್ರಾಂ ಮತ್ತು ಸೋವಿನ್ಯೊಂ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ಸಂಕರ ಎಂದು ತೋರಿಸಿದರು. ಅಂದರೆ ಸಸ್ಸಿಕಾಯದ ಪೀಪಾಯಿಯಲ್ಲಿ ಹೆತ್ತ ತಳಿಯೂ ಹುಟ್ಟಿದ ತಳಿಯೂ ಕೂಡಿವೆ.

ಬೇರಿನ ವಿಷಯವನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸಿರಾ ಎಂಬ ಬೇರು ಹೇನು ಅಮೆರಿಕದಿಂದ ಬಂದು ಯುರೋಪಿನ ತೋಟಗಳನ್ನು ನೆಲಸಮ ಮಾಡಿತು. ಔಷಧ ಫಲಿಸಲಿಲ್ಲ. ಕೊನೆಗೆ ಆ ಹೇನಿಗೆ ಜಗ್ಗದ ಅಮೆರಿಕದ ಕಾಡುದ್ರಾಕ್ಷಿಯ ಬೇರುಸಸಿಯ ಮೇಲೆ ಯುರೋಪಿನ ತಳಿಗಳನ್ನು ಕಸಿ ಮಾಡುವುದೇ ಪರಿಹಾರವಾಯಿತು. ನಮ್ಮ ಬೆಳೆಗಾರರು ಉಪ್ಪು ನೀರು, ಬರಗಳನ್ನು ತಡೆಯಲು ಬಳಸುವ ಡಾಗ್ರಿಜ್ ಬೇರುಸಸಿಯೂ ಅದೇ ಅಮೆರಿಕದ ಕಾಡುದ್ರಾಕ್ಷಿಯ ಕುಲಕ್ಕೆ ಸೇರಿದ್ದು.

ಇಳುವರಿ ಕಡಿಮೆ, ಬೆಲೆ ಹೆಚ್ಚು

ನಮ್ಮಲ್ಲಿ ಚಪ್ಪರದ ಮೇಲೆ ಹಬ್ಬಿಸಿದ ಒಳ್ಳೆಯ ತೋಟದಿಂದ ಎಕರೆಗೆ ಹತ್ತು ಟನ್ನು, ಬೆಂಗಳೂರು ನೀಲಿಯಲ್ಲಿ ಅದಕ್ಕೂ ಹೆಚ್ಚು ಹಣ್ಣು ಕೊಯ್ಯುತ್ತಾರೆ. ಟಸ್ಕನಿಯ ಹೆಸರಾಂತ ಕಿಯಾಂತಿ ಕ್ಲಾಸಿಕೊ ವೈನಿಗೆ ಕಾನೂನಿನಂತೆ ಹೆಕ್ಟೇರಿಗೆ ಏಳೂವರೆ ಟನ್ನಿಗಿಂತ ಹೆಚ್ಚು ಬೆಳೆಯುವಂತಿಲ್ಲ. ಅಂದರೆ ಎಕರೆಗೆ ಮೂರು ಟನ್ನು. ಹೆಚ್ಚು ಬೆಳೆದರೆ ಆ ಹೆಸರು ಹಾಕುವ ಹಕ್ಕು ಹೋಗುತ್ತದೆ. ಗುಣದ ವೈನು ಬೆಳೆಯುವ ಕಡೆಯೆಲ್ಲ ಇಳುವರಿಗೆ ಹೀಗೆ ಮೇಲ್ಮಿತಿ ಇರುತ್ತದೆ.

ಬೋಲ್ಗೆರಿಯಲ್ಲಿ ಬಳ್ಳಿಗಳನ್ನು ಚಪ್ಪರಕ್ಕೆ ಏರಿಸುವುದಿಲ್ಲ. ನೆಲಕ್ಕೆ ಹತ್ತಿರದಲ್ಲೇ ತಂತಿಯ ಮೇಲೆ ಒಂದು ತೋಳನ್ನು ಹಾಯಿಸಿ, ಅದರ ಮೇಲೆ ಗಿಡ್ಡ ಕಡ್ಡಿಗಳನ್ನಷ್ಟೇ ಬಿಟ್ಟು ಚಾಟನಿ ಮಾಡುತ್ತಾರೆ. ಕಲ್ಲು ಹಗಲು ಹೀರಿದ ಬಿಸಿಲನ್ನು ಸಂಜೆ ಗೊಂಚಲಿಗೆ ಮರಳಿ ಕೊಡುತ್ತದೆ. ನಮ್ಮ ದಕ್ಷಿಣದ ಹವೆಯಲ್ಲಿ ಬಳ್ಳಿಗೆ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಚಾಟನಿ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಆಗ ಒಂದೇ ಮುಖ್ಯ ಚಾಟನಿ. ವಸಂತದಲ್ಲಿ ಚಿಗುರು, ಸೆಪ್ಟೆಂಬರಿನ ಹೊತ್ತಿಗೆ ಕೊಯ್ಲು. ಹಣ್ಣನ್ನು ಕೈಯಿಂದಲೇ ಕೊಯ್ಯುತ್ತಾರೆ.

ಇಪ್ಪತ್ತು ವರ್ಷ ಮನೆಯೊಳಗೇ

ಮಾರಿಯೊ ತೆಗೆದ ಮೊದಲ ವರ್ಷಗಳ ವೈನು ಊರಿನವರಿಗೆ ರುಚಿಸಲಿಲ್ಲ. ಅಲ್ಲಿಯ ಜನಕ್ಕೆ ಆಯಾ ವರ್ಷವೇ ಕುಡಿಯುವ ತಿಳಿಯಾದ ವೈನಿನ ಅಭ್ಯಾಸ. ಇದೋ ಕಡುಬಣ್ಣದ, ನಾಲಗೆ ಹಿಡಿಯುವ ಒಗರಿನ ರಸ. 1948ರಿಂದ 1967ರವರೆಗೆ ಇದನ್ನು ಎಸ್ಟೇಟಿನ ಮನೆಯಲ್ಲಿ ಮಾತ್ರ ಬಳಸಿದರು. ಪೇಟೆಗೆ ಒಂದು ಬಾಟಲಿಯನ್ನೂ ಕಳಿಸಲಿಲ್ಲ. ಪ್ರತಿ ವರ್ಷ ಕೆಲವು ಪೆಟ್ಟಿಗೆಗಳನ್ನು ನೆಲಮಾಳಿಗೆಯಲ್ಲಿ ಇಟ್ಟರು. ವರ್ಷಗಳು ಕಳೆದಂತೆ ಹಳೆಯ ಬಾಟಲಿಗಳನ್ನು ತೆರೆದು ನೋಡಿದಾಗ ಒಗರು ಇಳಿದು ಮೃದುವಾಗಿತ್ತು, ಪರಿಮಳ ಬಿಚ್ಚಿಕೊಂಡಿತ್ತು. ದೋಷವೆಂದು ಕಂಡದ್ದೇ ಬಾಳಿಕೆಯ ಗುಣವಾಗಿತ್ತು.

ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್ ಎಂಬ ಒಗರಿನ ಪದಾರ್ಥ ಕಾಲಕ್ರಮದಲ್ಲಿ ಬಣ್ಣದ ಕಣಗಳೊಡನೆ ಕೂಡಿಕೊಳ್ಳುತ್ತದೆ. ನಾಲಗೆಗೆ ತಗಲುವ ಒರಟುತನ ತಗ್ಗುತ್ತದೆ. ಒಗರಿಲ್ಲದ ವೈನು ಮೊದಲ ವರ್ಷ ಹಿತ, ಐದನೆಯ ವರ್ಷ ನಿಸ್ಸಾರ. ಒಗರಿನ ವೈನಿಗೆ ಮಾತ್ರ ಕಾಯುವ ಶಕ್ತಿ ಇದೆ.

ಮಕ್ಕಳೂ ಬಂಧುಗಳೂ ಒತ್ತಾಯಿಸಿದ ಮೇಲೆ ಮಾರಿಯೊ ಮಾರಾಟಕ್ಕೆ ಒಪ್ಪಿದರು. ಹೆಂಡತಿಯ ಸೋದರಿಯ ಮಗನಾದ ಫ್ಲಾರೆನ್ಸ್ ನಗರದ ವೈನು ವ್ಯಾಪಾರಿ ಪಿಯೆರೊ ಅಂತಿನೋರಿ ಮಾರಾಟದ ಹೊಣೆ ಹೊತ್ತರು. ಅಂತಿನೋರಿ ಸಂಸ್ಥೆಯ ವೈನು ತಜ್ಞ ಜಾಕೊಮೊ ತಾಕಿಸ್ ತಯಾರಿಕೆಯನ್ನು ಶಾಸ್ತ್ರೀಯವಾಗಿ ಕ್ರಮಪಡಿಸಿದರು. 1968ರ ಬೆಳೆಯ ವೈನು ಮೊದಲ ಬಾರಿಗೆ ಪೇಟೆ ಕಂಡಿತು.

ತೋಟದಿಂದ ಪೀಪಾಯಿಗೆ

ತಯಾರಿಕೆಯ ಕ್ರಮ ಸರಳ. ಶಿಸ್ತು ಮಾತ್ರ ಕಠಿಣ. ಕೊಯ್ದ ಗೊಂಚಲಿನಿಂದ ತೊಟ್ಟು ಬೇರ್ಪಡಿಸಿ, ಕಾಯಿಯನ್ನು ಮೆಲ್ಲಗೆ ಒಡೆದು, ಸಿಪ್ಪೆ ಸಹಿತ ಉಕ್ಕಿನ ತೊಟ್ಟಿಗೆ ತುಂಬುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುತ್ತದೆ. ಆಗ ಶಾಖ ಏಳುತ್ತದೆ. ತೊಟ್ಟಿಯನ್ನು ತಣಿಸದಿದ್ದರೆ ಯೀಸ್ಟ್ ಸತ್ತು ರಸ ಕೆಡುತ್ತದೆ. ಎರಡು ವಾರದ ಆಸುಪಾಸು ಸಿಪ್ಪೆ ರಸದೊಡನೆಯೇ ಇದ್ದು ಬಣ್ಣ ಒಗರುಗಳನ್ನು ಬಿಟ್ಟುಕೊಡುತ್ತದೆ. ನಂತರ ಬ್ಯಾಕ್ಟೀರಿಯಾಗಳು ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮಜ್ಜಿಗೆಯಲ್ಲಿರುವುದೂ ಇದೇ ಲ್ಯಾಕ್ಟಿಕ್ ಆಮ್ಲ.

ಆ ಮೇಲೆ ವೈನು ಸುಮಾರು 225 ಲೀಟರು ಹಿಡಿಯುವ ಫ್ರೆಂಚ್ ಓಕ್ ಮರದ ಪೀಪಾಯಿಗಳಿಗೆ ಹೋಗುತ್ತದೆ. ಅಲ್ಲಿ ಸುಮಾರು ಎರಡು ವರ್ಷ ವಾಸ. ಮರದ ರಂಧ್ರಗಳ ಮೂಲಕ ಅತಿ ಸ್ವಲ್ಪವಾಗಿ ಒಳಗೆ ಬರುವ ಗಾಳಿ ಒಗರನ್ನು ಹದಗೊಳಿಸುತ್ತದೆ. ಟಸ್ಕನಿಯಲ್ಲಿ ಹಿಂದೆ ಬಳಕೆಯಲ್ಲಿದ್ದದ್ದು ಭಾರಿ ಗಾತ್ರದ ಹಳೆಯ ಮರದ ಪೀಪಾಯಿಗಳು. ಚಿಕ್ಕ ಪೀಪಾಯಿಯ ಪದ್ಧತಿಯನ್ನು ಇಟಲಿಯಲ್ಲಿ ಹೆಸರಿಗೆ ತಂದವುಗಳಲ್ಲಿ ಸಸ್ಸಿಕಾಯ ಮೊದಲಿನದು.

ಹೆಸರು ಬಂತು, ಕಾನೂನು ಒಪ್ಪಲಿಲ್ಲ

1978ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆ ಒಂದು ಪರೀಕ್ಷೆ ಏರ್ಪಡಿಸಿತು. 11 ದೇಶಗಳ 33 ಕಾಬರ್ನೆ ವೈನುಗಳನ್ನು ತಜ್ಞರ ಮುಂದೆ ಇಡಲಾಯಿತು. 1972ರ ಬೆಳೆಯ ಸಸ್ಸಿಕಾಯ ಮೊದಲ ಸ್ಥಾನ ಪಡೆಯಿತು. ಮುಂದೆ 1985ರ ಬೆಳೆಗೆ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ ನೂರು ಅಂಕ ಕೊಟ್ಟರು. ಅದೇ 1985ರ ಜನವರಿಯ ಘೋರ ಹಿಮದಲ್ಲಿ ಟಸ್ಕನಿಯ ಆಲಿವ್ ತೋಟಗಳು ಅಪಾರ ಪ್ರಮಾಣದಲ್ಲಿ ಒಣಗಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಮಲಗಿದ್ದ ಬಳ್ಳಿ ಉಳಿದು, ಮುಂದೆ ಬಂದ ಒಳ್ಳೆಯ ಬೇಸಿಗೆಯಲ್ಲಿ ಶ್ರೇಷ್ಠ ಫಸಲು ಕೊಟ್ಟಿತು. ಮಾರಿಯೊ 1983ರಲ್ಲೇ ತೀರಿಕೊಂಡಿದ್ದರಿಂದ ಇದನ್ನು ನೋಡಲಿಲ್ಲ. ಹೊಣೆ ಮಗ ನಿಕೊಲೊ ಅವರ ಕೈಗೆ ಬಂದಿತ್ತು. 2015ರ ಬೆಳೆಯನ್ನು ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2018ರಲ್ಲಿ ವರ್ಷದ ವೈನು ಎಂದು ಆರಿಸಿತು.

ಆದರೆ ತನ್ನ ದೇಶದ ಕಾನೂನಿನ ಕಣ್ಣಿಗೆ ಈ ವೈನು ಬಹಳ ಕಾಲ ಕೆಳದರ್ಜೆಯದೇ ಆಗಿತ್ತು. ಇಟಲಿಯಲ್ಲಿ 1963ರಲ್ಲಿ ಡಿ.ಒ.ಸಿ. ಎಂಬ ಕಾನೂನು ಬಂದಿತು. ಒಂದು ಊರಿನ ಹೆಸರಿನಲ್ಲಿ ವೈನು ಮಾರಬೇಕಾದರೆ ಆ ಊರಿಗೆ ಗೊತ್ತುಪಡಿಸಿದ ತಳಿ, ಇಳುವರಿ, ಕ್ರಮ ಪಾಲಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ನಿಯಮಗಳು ಅಂದಿನ ವಾಡಿಕೆಯನ್ನೇ ಬರೆದಿಟ್ಟವು. 1967ರ ಕಿಯಾಂತಿ ನಿಯಮದಲ್ಲಿ ಕೆಂಪು ವೈನಿಗೆ ನೂರಕ್ಕೆ ಹತ್ತರಿಂದ ಮೂವತ್ತು ಭಾಗ ಬಿಳಿ ದ್ರಾಕ್ಷಿ ಬೆರೆಸುವುದು ಕಡ್ಡಾಯವಾಗಿತ್ತು! ಬೋಲ್ಗೆರಿಗೆ 1983ರಲ್ಲಿ ಡಿ.ಒ.ಸಿ. ಸಿಕ್ಕಿದಾಗ ಅದು ಬಿಳಿ ಮತ್ತು ಗುಲಾಬಿ ವೈನಿಗೆ ಮಾತ್ರ. ಹೀಗಾಗಿ ಜಗತ್ತೇ ಮೆಚ್ಚಿದ ಸಸ್ಸಿಕಾಯದ ಚೀಟಿಯ ಮೇಲೆ 'ಊಟದ ವೈನು' ಎಂಬ ಅತಿ ಸಾಮಾನ್ಯ ದರ್ಜೆಯ ಮಾತನ್ನೇ ಮುದ್ರಿಸಬೇಕಿತ್ತು.

ಗಿರಾಕಿ ಚೀಟಿಯ ದರ್ಜೆಯನ್ನು ನೋಡದೆ ಬೆಳೆದವನ ಹೆಸರನ್ನು ನೋಡಿ ಕೊಂಡ. ಕಾನೂನು ಕೊನೆಗೆ ಬೆಳೆಯ ಹಿಂದೆ ನಡೆಯಿತು. 1994ರಲ್ಲಿ ಬೋಲ್ಗೆರಿಯ ಕೆಂಪು ವೈನಿಗೆ ಮಾನ್ಯತೆ ದೊರೆತು, ಸಸ್ಸಿಕಾಯಕ್ಕೆ ಅದರೊಳಗೆ ಪ್ರತ್ಯೇಕ ಉಪವಲಯವೆಂಬ ಸ್ಥಾನ ಸಿಕ್ಕಿತು. 2013ರಲ್ಲಿ ಬೋಲ್ಗೆರಿ ಸಸ್ಸಿಕಾಯ ಎಂಬ ಸ್ವತಂತ್ರ ಡಿ.ಒ.ಸಿ. ಆಯಿತು. ಒಂದೇ ಎಸ್ಟೇಟಿಗೆ ಮೀಸಲಾದ ಡಿ.ಒ.ಸಿ. ಇಟಲಿಯಲ್ಲಿ ಇದೊಂದೇ.

ಹೆಸರಿಗೆ ಕಳ್ಳರೂ ಉಂಟು

ಬೆಲೆ ಬಂದ ಕಡೆ ನಕಲಿ ಬರುವುದು ಲೋಕರೂಢಿ. 2020ರ ಅಕ್ಟೋಬರಿನಲ್ಲಿ ಇಟಲಿಯ ಹಣಕಾಸು ಪೊಲೀಸರು ನಕಲಿ ಸಸ್ಸಿಕಾಯದ ಜಾಲವೊಂದನ್ನು ಭೇದಿಸಿದರು. ವೈನು ಸಿಸಿಲಿ ದ್ವೀಪದ್ದು, ಬಾಟಲಿ ತುರ್ಕಿಯದು, ಚೀಟಿ ಮತ್ತು ಪೆಟ್ಟಿಗೆ ಬಲ್ಗೇರಿಯಾದ್ದು. ಹೊರಗಿನ ಎಲ್ಲವೂ ಅಸಲಿನಂತೆಯೇ ಇತ್ತು. ಒಳಗಿನ ರಸವೊಂದೇ ಬೇರೆ. ಕಾನೂನಿನಲ್ಲಿ ದಾಖಲಾದ ಹೆಸರು ಇದ್ದುದರಿಂದಲೇ ಪೊಲೀಸರಿಗೆ ಹಿಡಿಯುವ ಅಧಿಕಾರ ಸಿಕ್ಕಿತು. ಹೆಸರನ್ನು ಬೆಳೆಸಿ ದಾಖಲಿಸದೆ ಬಿಟ್ಟರೆ ಬೇಲಿಯಿಲ್ಲದ ಹೊಲದಲ್ಲಿ ಫಸಲು ಬಿಟ್ಟಂತೆ.

ಸಣ್ಣ ರೈತ ಇಷ್ಟು ಕಾಯಬಲ್ಲನೆ?

ಇಲ್ಲಿಯವರೆಗೆ ಓದಿದ ರೈತರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. "ಸಾವಿರಾರು ಎಕರೆಯ ಜಹಗೀರುದಾರ ಇಪ್ಪತ್ತು ವರ್ಷ ಮಾರದೆ ಕುಳಿತ, ಮೂರು ಎಕರೆಯ ನಾನು ಸೊಸೈಟಿಯ ಸಾಲದ ಕಂತಿಗೆ ಒಂದು ವರ್ಷವಾದರೂ ಕಾಯಬಲ್ಲೆನೆ?" ಪ್ರಶ್ನೆ ನ್ಯಾಯವಾದದ್ದು. ಮಾರಿಯೊಗೆ ಧಾನ್ಯವಿತ್ತು, ಕುದುರೆಯಿತ್ತು, ಮನೆತನದ ಆಸ್ತಿಯಿತ್ತು. ದ್ರಾಕ್ಷಿ ಕೈಕೊಟ್ಟಿದ್ದರೆ ಒಲೆ ಆರುತ್ತಿರಲಿಲ್ಲ. ಅದೇ ಕಾಲದಲ್ಲಿ ಟಸ್ಕನಿಯ ಬಹುಪಾಲು ಸಾಗುವಳಿದಾರರು ಫಸಲಿನಲ್ಲಿ ಅರ್ಧ ಪಾಲು ಒಡೆಯನಿಗೆ ಅಳೆಯುವ ಗೇಣಿದಾರರಾಗಿದ್ದರು. ಹೊಸ ಪಾಲುಗೇಣಿ ಕರಾರುಗಳನ್ನು ಕಾನೂನು ನಿಷೇಧಿಸಿದ್ದು 1964ರಲ್ಲಿ. ಇದನ್ನು ಮರೆತು ಬರಿಯ ತಾಳ್ಮೆಯ ಗುಣಗಾನ ಮಾಡಿದರೆ ಅದು ಅರ್ಧ ಸತ್ಯವಾಗುತ್ತದೆ.

ಆದರೆ ಈ ಕತೆಯಲ್ಲಿ ಸಣ್ಣ ರೈತನಿಗೂ ದಕ್ಕುವ ಅಂಶಗಳಿವೆ. ಮಾರಿಯೊ ಇಡೀ ಎಸ್ಟೇಟನ್ನು ದ್ರಾಕ್ಷಿಗೆ ಹಾಕಲಿಲ್ಲ. ಒಂದು ಸಣ್ಣ ತುಂಡಿನಲ್ಲಿ ಪರೀಕ್ಷಿಸಿದರು. ಫಲ ಕಂಡ ಮೇಲೆ ಹೆಚ್ಚಿಸಿದರು. ಮೂರು ಎಕರೆಯವನು ಐದು ಗುಂಟೆಯಲ್ಲಿ ಇದನ್ನೇ ಮಾಡಬಹುದು. ಉಳಿದ ಭೂಮಿ ಹೊಟ್ಟೆಗೆ, ಐದು ಗುಂಟೆ ನಾಳೆಗೆ.

ಎರಡನೆಯದು, ಒಬ್ಬನೇ ಮಾಡಲಾಗದ್ದನ್ನು ಊರು ಕೂಡಿ ಮಾಡಬಹುದು. ಸಸ್ಸಿಕಾಯದ ಹೆಸರು ಹರಡಿದ ಮೇಲೆ ಬೋಲ್ಗೆರಿಯ ಸುತ್ತ ಬೇರೆ ತೋಟಗಳು ಎದ್ದವು. ಪಿಯೆರೊ ಅಂತಿನೋರಿಯ ತಮ್ಮ ಲೊದೊವಿಕೊ 1981ರಲ್ಲಿ ಓರ್ನೆಲ್ಲಾಯ ತೋಟವನ್ನು ಆರಂಭಿಸಿದರು. ನಂತರ ಬಂದ ಸಣ್ಣ ದೊಡ್ಡ ಬೆಳೆಗಾರರು ಒಂದು ಬೆಳೆಗಾರರ ಕೂಟದಡಿ ಬೋಲ್ಗೆರಿ ಎಂಬ ಸಾಮಾನ್ಯ ಹೆಸರನ್ನು ಹಂಚಿಕೊಂಡಿದ್ದಾರೆ. ಒಬ್ಬ ಕಾದದ್ದರ ಫಲ ಒಂದು ಸೀಮೆಗೆ ಸಿಕ್ಕಿತು.

ಮೂರನೆಯದು, ಭೂಮಿಯನ್ನೆಲ್ಲ ಕೊರೆದು ಹಣ ಮಾಡಲಿಲ್ಲ. ಎಸ್ಟೇಟಿನ ಕಡಲದಂಡೆಯ ಜೌಗಿನ ಭಾಗವನ್ನು ಮಾರಿಯೊ 1959ರಲ್ಲಿ ವಲಸೆ ಹಕ್ಕಿಗಳ ಆಶ್ರಯತಾಣವಾಗಿ ಉಳಿಸಿದರು. ಇಟಲಿಯಲ್ಲಿ ಖಾಸಗಿಯವರು ಹೀಗೆ ಬಿಟ್ಟ ಮೊದಲ ತಾಣ ಅದು. ಮುಂದೆ ವಿಶ್ವ ವನ್ಯಜೀವಿ ನಿಧಿಯ ಇಟಲಿ ಶಾಖೆಗೆ ಮೊದಲ ಅಧ್ಯಕ್ಷರೂ ಅವರೇ ಆದರು. ಯಾವ ನೆಲ ಯಾವುದಕ್ಕೆ ಎಂದು ತಿಳಿಯುವುದೇ ಬೇಸಾಯದ ಮೊದಲ ವಿವೇಕ.

ನಮ್ಮ ಕಡೆಗೆ ಒಂದು ನೋಟ

ಕಾಬರ್ನೆ ಸೋವಿನ್ಯೊಂ ನಮಗೆ ಪರಕೀಯವಲ್ಲ. ನಂದಿ ಬೆಟ್ಟದ ಸುತ್ತಿನ ತೋಟಗಳಲ್ಲಿ ಅದು ಬೆಳೆಯುತ್ತಿದೆ. ಅದರ ವೈನು ಹೊರದೇಶಗಳಿಗೂ ಹೋಗಿದೆ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗಾಗಿ ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ನೀತಿಯನ್ನು ತಂದಿದೆ. ಆದರೆ ವೈನು ದ್ರಾಕ್ಷಿ ಹಾಕುವ ರೈತರು ಒಂದನ್ನು ಮೊದಲೇ ತಿಳಿಯಬೇಕು. ಈ ಹಣ್ಣಿಗೆ ಸಂತೆಯಲ್ಲಿ ಗಿರಾಕಿ ಇಲ್ಲ. ಕೊಳ್ಳುವ ಕಾರ್ಖಾನೆ ಹಿಂದೆ ಸರಿದರೆ ಹಣ್ಣು ಬಳ್ಳಿಯಲ್ಲೇ ಉಳಿಯುತ್ತದೆ. ಲಿಖಿತ ಕರಾರಿಲ್ಲದೆ, ಬೆಲೆ ಮತ್ತು ಸಕ್ಕರೆಯ ಅಂಶ ಅಳೆಯುವ ಕ್ರಮ ಗೊತ್ತುಮಾಡಿಕೊಳ್ಳದೆ ಒಂದು ಕಡ್ಡಿಯನ್ನೂ ನೆಡಬಾರದು.

ಊರಿನ ಹೆಸರನ್ನು ಕಾಪಾಡುವ ಕಾನೂನು ನಮ್ಮಲ್ಲೂ ಇದೆ. 1999ರ ಭೌಗೋಳಿಕ ಸೂಚಕಗಳ ಅಧಿನಿಯಮ 2003ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೊಡಗಿನ ಕಿತ್ತಳೆ, ಬ್ಯಾಡಗಿ ಮೆಣಸಿನಕಾಯಿ, ಉಡುಪಿಯ ಮಟ್ಟು ಗುಳ್ಳ, ಬೆಂಗಳೂರು ನೀಲಿ ದ್ರಾಕ್ಷಿ ಇವೆಲ್ಲ ಇದರಡಿ ದಾಖಲಾಗಿವೆ. ಆದರೆ ಊರಿನ ಬೆಳೆಗೆ ದಾಖಲೆ ಸಿಕ್ಕಿದರೆ ಪ್ರತಿ ರೈತನಿಗೂ ತಾನಾಗಿ ಹಕ್ಕು ಬರುವುದಿಲ್ಲ. ಬೆಳೆಗಾರ ತನ್ನ ಹೆಸರನ್ನು ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳಬೇಕು. ಇಂತಹ ಬೆಳೆ ಇರುವ ಊರಿನವರು ತಮ್ಮ ಜಿಲ್ಲೆಯ ತೋಟಗಾರಿಕೆ ಇಲಾಖೆಯಲ್ಲಿ ಇದನ್ನು ವಿಚಾರಿಸಬೇಕು.

ಜೊತೆಗೆ ನಂಜನಗೂಡು ರಸಬಾಳೆಯ ಪಾಡನ್ನೂ ನೆನೆಯಬೇಕು. ಹೆಸರು ದಾಖಲಾಯಿತು, ಆದರೆ ಪನಾಮ ಸೊರಗು ರೋಗ ತೋಟಗಳನ್ನು ತಿಂದಿತು. ಹೆಸರು ಕಾಗದದಲ್ಲಿ ಉಳಿದು ಬೆಳೆ ಹೊಲದಲ್ಲಿ ಕರಗಿದರೆ ಯಾರಿಗೆ ಲಾಭ? ರೋಗವಿಲ್ಲದ ಕಂದು, ಶುದ್ಧವಾದ ನೆಲ, ಊರೊಟ್ಟಿನ ಶಿಸ್ತು ಇವು ಮೊದಲು. ಹೆಸರು ಇವುಗಳ ಬೆನ್ನಿಗೆ.

ಗಮನಿಸಬೇಕಾದ ಅಂಶಗಳು

1. ಹೊಲದ ಪ್ರತಿ ತುಂಡಿನ ಮಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಮೂರು ಅಡಿ ಗುಂಡಿ ತೋಡಿ ಒಳಪದರವನ್ನೂ ನೋಡಿ. ಮೇಲ್ಮಣ್ಣು ಹೇಳದ್ದನ್ನು ಒಳಮಣ್ಣು ಹೇಳುತ್ತದೆ.

2. ಹೊಸ ತಳಿಯನ್ನು ಸಣ್ಣ ಜಾಗದಲ್ಲಿ, ಹತ್ತಿರದಲ್ಲೇ ಬಾಳಿದ ತೋಟದ ಕಡ್ಡಿ ಅಥವಾ ಸಸಿಯಿಂದ ಆರಂಭಿಸಿ.

3. ಕಡಿಮೆ ಇಳುವರಿ ತಾನಾಗಿ ಹೆಚ್ಚಿನ ಬೆಲೆ ತರುವುದಿಲ್ಲ. ಗುಣಕ್ಕೆ ಬೆಲೆ ಕೊಡುವ ಗಿರಾಕಿ ಗೊತ್ತಾದ ಮೇಲೆಯೇ ಇಳುವರಿ ತಗ್ಗಿಸುವ ಮಾತು.

4. ಪ್ರತಿ ವರ್ಷದ ಮಳೆ, ಚಾಟನಿ, ಕೊಯ್ಲಿನ ದಿನ, ಫಸಲಿನ ಗುಣವನ್ನು ಪುಸ್ತಕದಲ್ಲಿ ಬರೆದಿಡಿ. ಇಪ್ಪತ್ತು ವರ್ಷದ ಬಾಟಲಿಗಳು ಮಾರಿಯೊಗೆ ಹೇಳಿದ್ದನ್ನು ನಿಮಗೆ ನಿಮ್ಮ ಪುಸ್ತಕ ಹೇಳುತ್ತದೆ.

5. ಊರಿನ ಬೆಳೆಗೆ ಹೆಸರಿದ್ದರೆ ಕೂಡಿ ದಾಖಲಿಸಿ, ಕೂಡಿ ಕಾಯಿರಿ.

ಕಲ್ಲು ನೆಲವೆಲ್ಲ ಸಸ್ಸಿಕಾಯ ಆಗುವುದಿಲ್ಲ. ಆಗಬೇಕಾದ್ದೂ ಇಲ್ಲ. ಒಂದು ನೆಲಕ್ಕೆ ಹುರುಳಿ, ಇನ್ನೊಂದಕ್ಕೆ ಹುಣಿಸೆ, ಮತ್ತೊಂದಕ್ಕೆ ಸೀತಾಫಲ ಒಗ್ಗಬಹುದು. ಆದರೆ ಕೆಟ್ಟ ಭೂಮಿ ಎಂದು ಹೆಸರಿಟ್ಟು ಬಿಟ್ಟ ತುಂಡಿನ ಬಳಿಗೆ ಒಮ್ಮೆ ಹೋಗಿ, ಅದು ಯಾವುದಕ್ಕೆ ಕೆಟ್ಟದ್ದು, ಯಾವುದಕ್ಕೆ ಒಳ್ಳೆಯದು ಎಂದು ಕೇಳುವುದಕ್ಕೆ ಖರ್ಚಿಲ್ಲ. ಈ ಬೇಸಿಗೆಯಲ್ಲಿ, ಮುಂಗಾರು ಬೀಳುವ ಮೊದಲು, ಆ ತುಂಡಿನ ಮಣ್ಣನ್ನು ಒಂದು ಚೀಲದಲ್ಲಿ ತುಂಬಿ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ತನ್ನಿರಿ.